ಬರಗಾಲದ ಗವರ್ನರನ ಮನೆ ಈಗ ಶಾಲೆ: ಸ್ಟೋ ಅರಮನೆಯ ಕಥೆ

ಧಾತು ಸಂವತ್ಸರದ ಬರದ ಮಾತನ್ನು ನಿಮ್ಮಲ್ಲಿ ಕೆಲವರು ಮನೆಯ ಹಿರಿಯರ ಬಾಯಲ್ಲಿ ಕೇಳಿರಬಹುದು. 1876ರಿಂದ 1878ರವರೆಗೆ ದಕ್ಷಿಣ ಭಾರತವನ್ನು ಹಿಂಡಿದ ಬರ ಅದು. ಬಳ್ಳಾರಿ ಜಿಲ್ಲೆ ಆಗ ಮದ್ರಾಸ್ ಸರ್ಕಾರದ ಕೈಕೆಳಗಿತ್ತು. ಬರದ ಹೊಡೆತ ಬಹಳ ಜೋರಾಗಿ ಬಿದ್ದ ಸೀಮೆಗಳಲ್ಲಿ ಅದೂ ಒಂದು.

ಆ ಬರದ ಬಗ್ಗೆ ಒಂದು ಬರಹ ಮಾಡೋಣ ಎಂದು ನಾವು ಕಾಗದ ಪತ್ರ ಹುಡುಕಲು ಕೂತೆವು. ಆಗ ಮದ್ರಾಸಿನ ಗವರ್ನರ್ ಯಾರು ಎಂದು ನೋಡಿದರೆ ಹೆಸರು ಒಂದು ಸಾಲಿಗೆ ಸಾಲದಷ್ಟು ಉದ್ದ: ರಿಚರ್ಡ್ ಟೆಂಪಲ್-ನ್ಯೂಜೆಂಟ್-ಬ್ರಿಜಸ್-ಚಾಂಡೋಸ್-ಗ್ರೆನ್‌ವಿಲ್, ಬಕಿಂಗ್‌ಹ್ಯಾಮ್ ಮತ್ತು ಚಾಂಡೋಸ್‌ನ 3ನೇ ಡ್ಯೂಕ್. ಒಬ್ಬ ಮನುಷ್ಯನಿಗೆ ಐದು ಮನೆತನದ ಹೆಸರು. ಯಾಕೆ ಅಂತ ಕೇಳಿದರೆ, ಆಸ್ತಿ ಇರುವ ಹೆಣ್ಣನ್ನು ತಂದಾಗೆಲ್ಲ ಆಸ್ತಿಯ ಜೊತೆ ಅವಳ ಮನೆತನದ ಹೆಸರನ್ನೂ ಅಂಟಿಸಿಕೊಂಡು ಬಂದ ವಂಶ ಇದು. ಸರಿ, ಇಷ್ಟು ಹೆಸರು ಹೊತ್ತವನ ಮನೆ ಎಷ್ಟು ದೊಡ್ಡದಿರಬೇಕು ಎಂದು ಹುಡುಕಿದೆವು. ಬರದ ಬರಹ ಅಲ್ಲೇ ನಿಂತಿತು, ನಾವು ಆ ಮನೆಯೊಳಗೆ ಸಿಕ್ಕಿಹಾಕಿಕೊಂಡೆವು.

ಮನೆಯ ಹೆಸರು ಸ್ಟೋ. ಲಂಡನ್ನಿನಿಂದ ವಾಯವ್ಯಕ್ಕೆ ಸುಮಾರು 100 ಕಿಲೋಮೀಟರ್ ದೂರ, ಬಕಿಂಗ್‌ಹ್ಯಾಮ್ ಎಂಬ ಪೇಟೆಯ ಹತ್ತಿರ ಇದೆ. ಈಗ ಅಲ್ಲಿ ಡ್ಯೂಕೂ ಇಲ್ಲ, ಡಚೆಸ್ಸೂ ಇಲ್ಲ. 1923ರಿಂದ ಅದು ಶಾಲೆ. ನಾವು ಅಲ್ಲಿಗೆ ಹೋಗಿ ನೋಡಿದವರಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇವೆ. ನಕ್ಷೆ, ಫೋಟೊ, ಪುಸ್ತಕ ಇಟ್ಟುಕೊಂಡು ಕೋಣೆ ಕೋಣೆ ಸುತ್ತಿದ್ದೇವೆ.

ಈ ಮನೆತನ ಮೊದಲು ಕುರಿ ಸಾಕಿದ ಮನೆತನ. ಪೀಟರ್ ಟೆಂಪಲ್ ಎಂಬವನು 1571ರಲ್ಲಿ ಸ್ಟೋದ ಜಮೀನನ್ನು ಗುತ್ತಿಗೆಗೆ ಹಿಡಿದ. ಉಣ್ಣೆಯಲ್ಲಿ ಕಾಸು ಕೂಡಿತು. ಮಗನ ಕಾಲಕ್ಕೆ ಜಮೀನು ಸ್ವಂತದ್ದಾಯಿತು. ಕುರಿ ಕಾಯುವವರನ್ನು ಹಗುರಾಗಿ ನೋಡುವವರಿಗೆ ಇದನ್ನು ಹೇಳಬೇಕು, ಇಂಗ್ಲೆಂಡಿನ ಎಷ್ಟೋ ಅರಮನೆಗಳ ಪಾಯದಲ್ಲಿ ಇರುವುದು ಕುರಿ ತುಪ್ಪಟ.

ಇವತ್ತು ಕಾಣುವ ಮನೆಯ ನಡುಭಾಗವನ್ನು 1676ರ ಹೊತ್ತಿಗೆ ಸರ್ ರಿಚರ್ಡ್ ಟೆಂಪಲ್ ಕಟ್ಟಿಸಲು ಶುರು ಮಾಡಿದ. ಅದು ಇಟ್ಟಿಗೆ ಮನೆ. ನಕ್ಷೆ ಮಾಡಿದವನು ವಿಲಿಯಂ ಕ್ಲಿಯರ್, ಲಂಡನ್ನಿನ ದೊಡ್ಡ ಶಿಲ್ಪಿ ಕ್ರಿಸ್ಟೊಫರ್ ರೆನ್ ಹತ್ತಿರ ಮರಗೆಲಸದ ಮೇಸ್ತ್ರಿಯಾಗಿದ್ದವನು. ಆಮೇಲೆ ಬಂದ ಪ್ರತಿ ತಲೆಮಾರೂ ಆ ಇಟ್ಟಿಗೆ ಮನೆಯನ್ನು ಕೆಡವಲಿಲ್ಲ, ಅದರ ಮೈಮೇಲೆ ಹೊಸ ಅಂಗಿ ತೊಡಿಸುತ್ತ ಹೋಯಿತು. ಹಳೇ ಜಂತೆಮನೆಯ ಮುಂದೆ ಆರ್‌ಸಿಸಿ ಮುಖ ಕಟ್ಟಿ, ಹಿಂದೆ ಅಡುಗೆಮನೆ ಹಂಗೇ ಉಳಿಸಿಕೊಳ್ಳುವುದು ನಮ್ಮ ಊರುಗಳಲ್ಲೂ ಉಂಟಲ್ಲ, ಅದೇ ಲೆಕ್ಕ.

ಮಗ, ಆಮೇಲೆ ಲಾರ್ಡ್ ಕೋಬಮ್ ಎನಿಸಿಕೊಂಡವನು, ಯುದ್ಧ ಮಾಡಿ ಬಂದ ಸೈನಿಕ. ಬಿಯರ್ ತಯಾರಿಸುವ ಶ್ರೀಮಂತರ ಮಗಳನ್ನು ಮದುವೆಯಾದ. ಆ ದುಡ್ಡು ತೋಟಕ್ಕೆ ಹೋಯಿತು. ತೋಟವೆಂದರೆ ಹೂವಿನ ಮಡಿ ಅಂದುಕೊಳ್ಳಬೇಡಿ. ಗುಡ್ಡ, ಕೆರೆ, ಹುಲ್ಲುಗಾವಲು, ಅದರ ನಡುವೆ ಅಲ್ಲಲ್ಲಿ ಕಲ್ಲಿನ ಗುಡಿಗಳು. ಟೆಂಪಲ್ ಎಂದರೆ ದೇವಸ್ಥಾನ, ಮನೆತನದ ಹೆಸರೂ ಟೆಂಪಲ್. ಆ ಹೆಸರಿನ ತಮಾಷೆಗೇ ಇರಬೇಕು, ತೋಟದ ತುಂಬ ಗುಡಿ ಕಟ್ಟಿಸಿದ್ದಾರೆ. ಯಾವುದರಲ್ಲೂ ಪೂಜೆ ಇಲ್ಲ.

ಒಂದು ಗುಡಿಯಂತೂ ಕಟ್ಟುವಾಗಲೇ ಪಾಳುಬಿದ್ದಂತೆ ಕಟ್ಟಿಸಿದ್ದು. ಆಗಿನ ಪ್ರಧಾನಿ ವಾಲ್‌ಪೋಲ್ ಜೊತೆ 1733ರಲ್ಲಿ ತೆರಿಗೆ ವಿಷಯಕ್ಕೆ ಕೋಬಮ್‌ಗೆ ಜಗಳವಾಯಿತು. ಕೋಬಮ್ ಏನು ಮಾಡಿದ ಗೊತ್ತೇ? 'ಹಿಂದಿನವರ ಸದ್ಗುಣ' ಎಂದು ಒಂದು ಚೆಂದದ ದುಂಡು ಗುಡಿ ಕಟ್ಟಿಸಿ, ಅದಕ್ಕೆ ಜೋಡಿಯಾಗಿ 'ಈಗಿನವರ ಸದ್ಗುಣ' ಎಂದು ಮುರುಕು ಗುಡಿ ನಿಲ್ಲಿಸಿ, ಅದರಲ್ಲಿ ತಲೆಯಿಲ್ಲದ ಒಂದು ಮೂರ್ತಿ ಇಡಿಸಿದ. ಅದು ವಾಲ್‌ಪೋಲ್ ಎಂದು ನೋಡಿದವರಿಗೆಲ್ಲ ಗೊತ್ತು. ಈಗಿನವರು ವಾಟ್ಸಾಪ್ ಸ್ಟೇಟಸ್ಸಿನಲ್ಲಿ ಬಯ್ಯುವುದನ್ನು ಅವನು ಕಲ್ಲಿನಲ್ಲಿ ಬಯ್ದ. ಇನ್ನೂರು ವರ್ಷ ಕಳೆದ ಮೇಲೆ ಶಾಲೆಯವರು ತಮ್ಮ ಹಾಸ್ಟೆಲುಗಳಿಗೆ ಹೆಸರಿಡುವಾಗ ಕೋಬಮ್ ಹೆಸರಿನ ಒಂದು ಹಾಸ್ಟೆಲ್ ಮಾಡಿದರು, ವಾಲ್‌ಪೋಲ್ ಹೆಸರಿನದೂ ಒಂದು ಮಾಡಿದರು. ಇಬ್ಬರನ್ನೂ ಒಂದೇ ಕಾಂಪೌಂಡಿನಲ್ಲಿ ಕೂರಿಸಿದರು.

ಸ್ಟೋದಲ್ಲಿ ನಮಗೆ ಬಹಳ ಹಿಡಿಸಿದ್ದು ಮಾತ್ರ ಗುಡಿಯಲ್ಲ, ಒಂದು ಗುಂಡಿ. ಅದರ ಹೆಸರು 'ಹಾ-ಹಾ'. ಮನೆಯಿಂದ ನೋಡಿದರೆ ತೋಟ, ಅದರಾಚೆ ಹೊಲ, ದನ ಮೇಯುವ ಬಯಲು, ಎಲ್ಲ ಒಂದೇ ಸಮನೆ ಕಾಣಬೇಕು. ಬೇಲಿ ಕಣ್ಣಿಗೆ ಬೀಳಕೂಡದು. ಆದರೆ ದನ ತೋಟಕ್ಕೆ ನುಗ್ಗಲೂ ಕೂಡದು. ಅದಕ್ಕೆ ಚಾರ್ಲ್ಸ್ ಬ್ರಿಜ್‌ಮನ್ ಎಂಬ ತೋಟದ ಶಿಲ್ಪಿ ಉದ್ದಕ್ಕೂ ಕಂದಕ ತೆಗೆಸಿದ. ತೋಟದ ಕಡೆ ನೆಟ್ಟಗೆ ಕಲ್ಲಿನ ಗೋಡೆ, ಹೊಲದ ಕಡೆ ಇಳಿಜಾರು. ದನ ಇಳಿಜಾರಿನಲ್ಲಿ ಇಳಿದು ಬಂದರೂ ಗೋಡೆ ಹತ್ತಲಾಗದು. ಮೇಲೆ ನಿಂತ ದೊರೆಗೆ ಗೋಡೆಯೂ ಕಾಣದು, ಕಂದಕವೂ ಕಾಣದು. ನಮ್ಮಲ್ಲಿ ಆನೆ ಬರದಂತೆ ಕಾಡಂಚಿನಲ್ಲಿ ತೋಡುವ ಕಂದಕ ನೋಡಿದವರಿಗೆ ಇದು ತಟ್ಟನೆ ಅರ್ಥವಾಗುತ್ತದೆ. ವ್ಯತ್ಯಾಸ ಒಂದೇ, ಅಲ್ಲಿ ಬೆಳೆ ಉಳಿಸಲು ಅಲ್ಲ, ನೋಟ ಉಳಿಸಲು.

ನೋಟಕ್ಕಾಗಿ ಇನ್ನೊಂದನ್ನೂ ತೆಗೆದರು. ಊರನ್ನೇ ತೆಗೆದರು. ಸ್ಟೋ ಎಂಬುದು ಮೊದಲು ಮನೆಯ ಹೆಸರಲ್ಲ, ಊರಿನ ಹೆಸರು. ಚರ್ಚಿನ ಸುತ್ತ ಒಂದು ಹಳ್ಳಿಯಿತ್ತು. ತೋಟ ಬೆಳೆಯುತ್ತ ಬೆಳೆಯುತ್ತ 18ನೇ ಶತಮಾನದ ಮೊದಲ ದಶಕಗಳಲ್ಲಿ ಆ ಹಳ್ಳಿ ಇಲ್ಲವಾಯಿತು. ಜನ ಹತ್ತಿರದ ಡ್ಯಾಡ್‌ಫರ್ಡ್‌ಗೆ ಹೋದರು. ಹಳ್ಳಿಯಿದ್ದ ಜಾಗದಲ್ಲಿ ಈಗ ಹಸಿರು ಇಳಿಜಾರು, ಸಣ್ಣ ಹೊಳೆ, ಗುಡಿಗಳು. ಆ ಜಾಗಕ್ಕೆ ಅವರು ಇಟ್ಟ ಹೆಸರು ಸ್ವರ್ಗದ ಬಯಲು ಎಂಬ ಅರ್ಥದ್ದು. ಚರ್ಚನ್ನು ಮಾತ್ರ ಕೀಳಲಿಲ್ಲ, ಮರ ಬೆಳೆಸಿ ಮರೆಮಾಡಿದರು. ತೋಟದ ಪುಸ್ತಕಗಳಲ್ಲಿ ಈ ಸಂಗತಿ ಒಂದೆರಡು ಸಾಲಿನಲ್ಲಿ ಮುಗಿಯುತ್ತದೆ. ಅಣೆಕಟ್ಟಿಗೆ ಊರು ಬಿಟ್ಟವರ ಮನೆಗಳಿಗೆ ಸುದ್ದಿಗೆ ಹೋಗಿ ಬಂದ ನಮಗೆ ಆ ಒಂದೆರಡು ಸಾಲು ದಾಟುವುದಕ್ಕೇ ಬಹಳ ಹೊತ್ತು ಹಿಡಿಯಿತು.

ಮಣ್ಣಿನ ಕೆಲಸವೂ ಕಡಿಮೆಯದಲ್ಲ. 1741ರಲ್ಲಿ ತೋಟದ ಮುಖ್ಯ ಮಾಲಿಯಾಗಿ ಬಂದ ಯುವಕ ಲ್ಯಾನ್ಸ್‌ಲಾಟ್ ಬ್ರೌನ್, ಮುಂದೆ ಇಂಗ್ಲೆಂಡಿನಲ್ಲೇ ಹೆಸರುವಾಸಿಯಾದವನು. ಒಂದು ಕಣಿವೆ ಬೇಕು ಅಂತಾದಾಗ ಇಲ್ಲದ ಕಣಿವೆಯನ್ನು ತೋಡಿಸಿದರು. ಸುಮಾರು 18,000 ಘನ ಮೀಟರ್ ಮಣ್ಣು. ಗುದ್ದಲಿ, ಸಲಿಕೆ, ತಳ್ಳುಗಾಡಿಯಲ್ಲಿ. ಕೆರೆ ಹೂಳು ಎತ್ತಿದವರು ಯಾರಾದರೂ ಓದುತ್ತಿದ್ದರೆ ಆ ಅಂಕಿಯ ಭಾರ ಅವರಿಗೆ ಗೊತ್ತು.

ಈಗ ಮನೆಗೆ ಬರೋಣ. ಕೋಬಮ್‌ನ ಅಳಿಯ ಸಂತಾನದಲ್ಲಿ, ಅಂದರೆ ಅಕ್ಕತಂಗಿಯರ ಕಡೆಯಿಂದ, ಆಸ್ತಿ ಲಾರ್ಡ್ ಟೆಂಪಲ್‌ಗೆ ಬಂತು. ದಕ್ಷಿಣದ ಮುಖ ಅವನ ಕಾಲದ್ದು. ರಾಬರ್ಟ್ ಆಡಮ್ 1771ರಲ್ಲಿ ನಕ್ಷೆ ಕೊಟ್ಟ, ದೊರೆಯ ನೆಂಟ ಥಾಮಸ್ ಪಿಟ್ ಅದನ್ನು ತಿದ್ದಿದ, 1779ರ ಹೊತ್ತಿಗೆ ಕೆಲಸ ಮುಗಿಯಿತು. ನಡುವೆ ಆರು ಎತ್ತರದ ಕಂಬಗಳ ಮುಖಮಂಟಪ, ಅದರಿಂದ ಹುಲ್ಲುಹಾಸಿಗೆ ಇಳಿಯಲು ಮಂಟಪದಷ್ಟೇ ಅಗಲದ ಮೂವತ್ತಕ್ಕೂ ಹೆಚ್ಚು ಮೆಟ್ಟಿಲು. ಎಡಕ್ಕೆ ಬಲಕ್ಕೆ ರೆಕ್ಕೆಯಂತೆ ಕೋಣೆಗಳ ಸಾಲು. ಫೋಟೊದಲ್ಲಿ ಈ ಮುಖ ಒಂದೇ ಸಲ ಫೋನಿನ ಪರದೆಯೊಳಗೆ ಹಿಡಿಯುವುದಿಲ್ಲ, ಎಡದಿಂದ ಬಲಕ್ಕೆ ಸರಿಸಬೇಕು. ಎದುರಿಗೆ ದೂರದ ದಿಬ್ಬದ ಮೇಲೆ ಒಂದು ದೊಡ್ಡ ಕಮಾನು, 60 ಅಡಿ ಎತ್ತರ, 60 ಅಡಿ ಅಗಲ. ಅಲ್ಲಿಂದ ಬಕಿಂಗ್‌ಹ್ಯಾಮ್ ಪೇಟೆಯ ಕಡೆಗೆ ನೆಟ್ಟಗೆ ಸಾಲುಮರದ ರಸ್ತೆ. ಪೇಟೆಯಿಂದ ಬರುವವನಿಗೆ ಮೊದಲು ಕಮಾನು, ಆಮೇಲೆ ಕಮಾನಿನ ಚೌಕಟ್ಟಿನೊಳಗೆ ಮನೆ ಕಾಣಬೇಕು ಎಂಬ ಲೆಕ್ಕ.

ಒಳಗಿನ ಮುಖ್ಯ ಕೋಣೆ ಅಮೃತಶಿಲೆಯ ಸಭಾಂಗಣ. ಮೊಟ್ಟೆಯಾಕಾರದ ಕೋಣೆ, ಮೇಲೆ ಗುಮ್ಮಟ, ಗುಮ್ಮಟದ ನೆತ್ತಿಯಿಂದ ಬೆಳಕು. ರೋಮಿನ ಪ್ಯಾಂಥಿಯನ್ ಗುಡಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ್ದು. ಕಟ್ಟಿದವರಲ್ಲಿ ಇಟಲಿಯ ವಿನ್ಚೆಂಜೊ ವಾಲ್ದ್ರೆ ಮುಖ್ಯ, 1788ರ ಹೊತ್ತಿಗೆ ಮುಗಿಸಿದ. ಸುತ್ತ 16 ಕೆಂಬಣ್ಣದ ಕಂಬಗಳು. ನೋಡಿದರೆ ಅಮೃತಶಿಲೆ. ಆದರೆ ಅಲ್ಲ! ನೆಲ ಮಾತ್ರ ನಿಜವಾದ ಇಟಲಿಯ ಬಿಳಿ ಕಲ್ಲು. ಕಂಬಗಳು ಗಾರೆಯವು. ಜಿಪ್ಸಂ ಪುಡಿಗೆ ಅಂಟು, ಬಣ್ಣ ಸೇರಿಸಿ ನಾದಿ, ಕಂಬಕ್ಕೆ ಮೆತ್ತಿ, ಒಣಗಿದ ಮೇಲೆ ಉಜ್ಜಿ ಉಜ್ಜಿ ಹೊಳಪು ತರಿಸಿದ್ದು. ಈ ಕೈಕೆಲಸ ಕಲ್ಲಿಗಿಂತ ಕಡಿಮೆಯದೇನಲ್ಲ. ಕಂಬಗಳ ಮೇಲೆ ರೋಮಿನ ವಿಜಯದ ಮೆರವಣಿಗೆ ಕೋಣೆಯ ಸುತ್ತ ಹರಿಯುತ್ತದೆ, 280ಕ್ಕೂ ಹೆಚ್ಚು ಮನುಷ್ಯರು, 14 ಪ್ರಾಣಿಗಳು. ಗುಮ್ಮಟದ ಒಳಮೈಯಲ್ಲಿ 160 ಗೂಡುಗಳು. ಗುಮ್ಮಟ ದುಂಡಗಿಲ್ಲದೆ ಮೊಟ್ಟೆಯಾಕಾರ ಇರುವುದರಿಂದ ಒಂದೇ ಅಚ್ಚಿನಲ್ಲಿ ಎಲ್ಲ ಗೂಡು ಎರೆಯಲು ಆಗುವುದಿಲ್ಲ, ಜಾಗ ನೋಡಿ ಅಳತೆ ಬದಲಾಗಬೇಕು. ಗಾರೆ ಕೆಲಸದವರಿಗೆ ಈ ತಲೆನೋವು ವಿವರಿಸಬೇಕಾಗಿಲ್ಲ.

ಈ ಕೋಣೆ ವಾಸಕ್ಕಲ್ಲ. ಇಲ್ಲಿ ಯಾರೂ ಮಲಗುವುದಿಲ್ಲ, ಉಣ್ಣುವುದಿಲ್ಲ. ಬಂದವರು ತಲೆಯೆತ್ತಿ ನೋಡಿ ಬೆರಗಾಗಬೇಕು, ಅಷ್ಟೇ ಇದರ ಕೆಲಸ. ಇಡೀ ಮನೆಯ ಗುಟ್ಟು ಇದೇ ಎಂದು ನಮಗನಿಸುತ್ತದೆ. ಸಂಸಾರಕ್ಕೆಂದು ಕಟ್ಟಿದ್ದಲ್ಲ, ಗುಂಪಿಗೆಂದು ಕಟ್ಟಿದ್ದು. ಅತಿಥಿಗಳ ಗುಂಪು, ರಾಜಕಾರಣಿಗಳ ಗುಂಪು. ಹಾಗಾಗಿಯೇ ಮುಂದೆ ಮಕ್ಕಳ ಗುಂಪು ಬಂದಾಗ ಗೋಡೆ ಅಷ್ಟಾಗಿ ಒಡೆಯಬೇಕಾಗಲಿಲ್ಲ.

ಬೆರಗು ಮೂಡಿಸುವ ಖರ್ಚೇ ಮನೆಯನ್ನು ನುಂಗಿತು. ಆಸ್ತಿಯಲ್ಲಿ ಜಮೈಕಾ ದ್ವೀಪದ ಹೋಪ್ ಎಸ್ಟೇಟು ಕೂಡ ಸೇರಿತ್ತು, ಗುಲಾಮರು ಕಬ್ಬು ಬೆಳೆದ ಜಮೀನು ಅದು. ಅದೂ ಸಾಲಲಿಲ್ಲ. 2ನೇ ಡ್ಯೂಕ್ ಕಾಲಕ್ಕೆ ಸಾಲ 10 ಲಕ್ಷ ಪೌಂಡ್ ದಾಟಿತು. 1845ರ ಜನವರಿಯಲ್ಲಿ ವಿಕ್ಟೋರಿಯಾ ರಾಣಿ ಗಂಡನೊಂದಿಗೆ ಬಂದು ಉಳಿದಾಗ, ಜಪ್ತಿಗೆ ಬಂದ ಅಮೀನರಿಗೆ ಆಳುಗಳ ಸಮವಸ್ತ್ರ ಹಾಕಿಸಿ ನಿಲ್ಲಿಸಿದ್ದರು ಎಂಬ ಕಥೆ ಇವತ್ತಿಗೂ ಹೇಳುತ್ತಾರೆ. ನಿಜವೋ ಸುಳ್ಳೋ, ಸಾಲಗಾರನ ಮನೆ ಮದುವೆಯ ದರ್ಬಾರು ನೋಡಿದವರು ನಂಬುತ್ತಾರೆ. 1848ರಲ್ಲಿ ಹರಾಜು. ಕ್ರಿಸ್ಟೀಸ್‌ನವರು 40 ದಿನ ನಡೆಸಿದರು. ಚಿತ್ರ, ಮೂರ್ತಿ, ಬೆಳ್ಳಿ, ಕುರ್ಚಿ ಎಲ್ಲ ಹೋಯಿತು. ಷೇಕ್ಸ್‌ಪಿಯರ್ ಎಂದು ಪಠ್ಯಪುಸ್ತಕದಲ್ಲಿ ನಾವು ನೋಡುವ, ಕಿವಿಗೆ ಓಲೆ ಹಾಕಿದ ಆ ಚಿತ್ರ ಇದೆಯಲ್ಲ, ಅದು ಈ ಹರಾಜಿನಲ್ಲಿ ಮಾರಾಟವಾಗಿದ್ದು. ಇಷ್ಟಾಗಿ ಕೈಗೆ ಬಂದದ್ದು ಸುಮಾರು 75,000 ಪೌಂಡ್.

ಮನೆಯ ಗೋಡೆ ಉಳಿಯಿತು. ಅಪ್ಪನ ಸಾಲ ತೀರಿಸುತ್ತ ಬದುಕಿದ ಮಗನೇ ನಾವು ಮೊದಲು ಹೇಳಿದ 3ನೇ ಡ್ಯೂಕ್. ರೈಲ್ವೆ ಕಂಪನಿಯೊಂದರ ಅಧ್ಯಕ್ಷನಾಗಿ ದುಡಿದ, ಮಂತ್ರಿಯಾದ, 1875ರಲ್ಲಿ ಗವರ್ನರಾಗಿ ಮದ್ರಾಸಿಗೆ ಬಂದ. ಮರುವರ್ಷವೇ ಮಳೆ ಕೈಕೊಟ್ಟಿತು. 1877ರ ಆಗಸ್ಟಿನಲ್ಲಿ ಅವನು ಲಂಡನ್ನಿನ ಮೇಯರಿಗೆ ಸಹಾಯ ಕೇಳಿ ಮನವಿ ಕಳಿಸಿದ, ಅಲ್ಲಿ ಚಂದಾ ಎತ್ತಿ 6 ಲಕ್ಷ ಪೌಂಡಿಗೂ ಹೆಚ್ಚು ಹಣ ಕೂಡಿತು. ಅದಾಗಲೇ ಸಾವು ಲಕ್ಷಗಳಲ್ಲಿತ್ತು. ಬರದ ಕಾಮಗಾರಿಯಲ್ಲಿ ಹಸಿದ ಜನ ಮದ್ರಾಸ್ ನಗರದೊಳಗೆ ಕೂವಂ, ಅಡ್ಯಾರ್ ನದಿಗಳ ನಡುವೆ ಸುಮಾರು 8 ಕಿಲೋಮೀಟರ್ ಕಾಲುವೆ ತೋಡಿದರು. ಕರಾವಳಿಯ ಆ ಕಾಲುವೆಗೇ ಬಕಿಂಗ್‌ಹ್ಯಾಮ್ ಕಾಲುವೆ ಎಂದು ಹೆಸರು. ಚೆನ್ನೈಗೆ ದುಡಿಯಲು ಹೋದ ನಮ್ಮ ಹುಡುಗರು ಅದರ ಕಪ್ಪು ನೀರಿನ ವಾಸನೆ ಕುಡಿದಿರುತ್ತಾರೆ. ಸ್ಟೋದ ಕಣಿವೆಯ ಮಣ್ಣು ತೋಡಿದ್ದು ನೋಟಕ್ಕೆ, ಈ ಮಣ್ಣು ತೋಡಿದ್ದು ಹಿಡಿ ಕಾಳಿಗೆ. ಎರಡಕ್ಕೂ ಮನೆತನದ ಹೆಸರು ಒಂದೇ.

ಈ ಡ್ಯೂಕ್ 1889ರಲ್ಲಿ ಸತ್ತ. ಗಂಡು ಮಕ್ಕಳಿರಲಿಲ್ಲ, ಪದವಿ ಅಲ್ಲಿಗೆ ಮುಗಿಯಿತು. ಮನೆಯನ್ನು ಫ್ರಾನ್ಸಿನ ರಾಜವಂಶದ ಒಬ್ಬನಿಗೆ ಕೆಲವು ವರ್ಷ ಬಾಡಿಗೆಗೆ ಕೊಟ್ಟರು. ಮೊದಲ ಮಹಾಯುದ್ಧದ ನಂತರ ಇನ್ನು ಸಾಕುವುದು ಆಗದು ಎಂದು 1921ರಲ್ಲಿ ಮತ್ತೆ ಮಾರಾಟ. ಹ್ಯಾರಿ ಷಾ ಎಂಬವರು 50,000 ಪೌಂಡಿಗೆ ಕೊಂಡರು. ದೇಶಕ್ಕೆ ಒಪ್ಪಿಸಬೇಕೆಂದು ಅವರ ಆಸೆ, ಆದರೆ ನೋಡಿಕೊಳ್ಳಲು ಮೂಲಧನ ಇಲ್ಲದ ಮನೆ ಯಾರಿಗೆ ಬೇಕು? ಆ ಶತಮಾನದಲ್ಲಿ ಇಂಗ್ಲೆಂಡಿನಲ್ಲಿ ಇಂಥ ಸಾವಿರಕ್ಕೂ ಹೆಚ್ಚು ದೊಡ್ಡ ಮನೆಗಳನ್ನು ಕೆಡವಿ ಕಲ್ಲು, ಸೀಸ, ಮರ ಬಿಡಿಬಿಡಿಯಾಗಿ ಮಾರಿದರು. ಸ್ಟೋಗೂ ಅದೇ ಗತಿ ಕಾದಿತ್ತು. ದಕ್ಷಿಣ ಮೆಟ್ಟಿಲ ಮೇಲಿದ್ದ ಸೀಸದ ಎರಡು ಸಿಂಹಗಳು ಹರಾಜಾಗಿ ಬ್ಲ್ಯಾಕ್‌ಪೂಲ್ ಎಂಬ ಊರಿನ ಪಾರ್ಕಿಗೆ ಹೋಗಿಯೇಬಿಟ್ಟವು.

ಉಳಿಸಿದ್ದು ಶಾಲೆ. 1923ರ ಮೇ 11ಕ್ಕೆ 99 ಹುಡುಗರೊಂದಿಗೆ ಶುರುವಾಯಿತು. ಹೆಡ್‌ಮಾಸ್ಟರ್ ಜೆ.ಎಫ್. ರಾಕ್ಸ್‌ಬರೋ. ಇಲ್ಲಿ ಓದಿದ ಹುಡುಗ ಮುಂದೆ ಬದುಕಿನಲ್ಲಿ ಎಲ್ಲೇ ಚೆಲುವು ಕಂಡರೂ ಗುರುತು ಹಿಡಿಯಬೇಕು ಎಂಬುದು ಅವರ ಹಂಬಲ. ಮೇಷ್ಟ್ರು ಕೂತದ್ದು ಎಲ್ಲಿ ಗೊತ್ತೇ? 1805ರಲ್ಲಿ ಜಾನ್ ಸೋನ್ ಎಂಬ ಶಿಲ್ಪಿ ಮಾಡಿದ, ಚರ್ಚಿನ ಕಮಾನುಗಳನ್ನು ನೆನಪಿಸುವ ಪುಸ್ತಕದ ಕೋಣೆಯಲ್ಲಿ. ಡ್ಯೂಕಿನ ದೊಡ್ಡ ಗ್ರಂಥಾಲಯ ಶಾಲೆಯ ಗ್ರಂಥಾಲಯವಾಯಿತು. ಔತಣದ ಕೋಣೆ ಹುಡುಗರ ಊಟದ ಕೋಣೆಯಾಯಿತು. ಗಾರೆ ಕಂಬದ ಸಭಾಂಗಣದಲ್ಲಿ ಹುಡುಗರು ಸಭೆ ಸೇರಿದರು. ಹೊಸದಾಗಿ ಬೇಕಾದ ಕಟ್ಟಡಗಳನ್ನು ಕ್ಲಫ್ ವಿಲಿಯಮ್ಸ್-ಎಲಿಸ್ ಎಂಬ ಶಿಲ್ಪಿ ಮಾಡಿದರು. ಸಾಲುಮರದ ರಸ್ತೆಯ ಜಾಗ ಸೈಟುಗಳಾಗಿ ಹೋಗುತ್ತದೆ ಎಂದಾಗ ಅವರೇ ಕೈಯಿಂದ ದುಡ್ಡು ಹಾಕಿ ಕೊಂಡಿಟ್ಟುಕೊಂಡಿದ್ದರಂತೆ. ಆಮೇಲೆ ಈಟನ್ ಶಾಲೆಯ ಹಳೇ ವಿದ್ಯಾರ್ಥಿಗಳು ದುಡ್ಡು ಕೂಡಿಸಿ ಅದನ್ನು ಕೊಂಡು 1924ರಲ್ಲಿ ಸ್ಟೋ ಶಾಲೆಗೆ ಕೊಟ್ಟರು. ಸರ್ವೆ ನಂಬರು ಪುಸ್ತಕ ನೋಡುತ್ತ ಶಾಲೆ ಮೈದಾನ ಒತ್ತುವರಿಯ ಸುದ್ದಿ ಬರೆಯುವ ನಮಗೆ ಇದನ್ನು ಓದಿ ಹೊಟ್ಟೆಕಿಚ್ಚಾಯಿತು.

ಆದರೆ ಶಾಲೆಯೂ ಕೈಕಟ್ಟಿ ಕೂರಲಿಲ್ಲ. ಅದಕ್ಕೊಂದು ದೊಡ್ಡ ಪ್ರಾರ್ಥನಾಮಂದಿರ ಬೇಕಿತ್ತು. 1927ರಲ್ಲಿ ಮೇರಿ ರಾಣಿ ಅಡಿಗಲ್ಲು ಇಟ್ಟರು, ರಾಬರ್ಟ್ ಲೊರಿಮರ್ ನಕ್ಷೆ. ಕಂಬಕ್ಕೆ ಕಲ್ಲು? ಬ್ರೌನ್ ಕಾಲದ ಆ ಕಣಿವೆಯ ತಲೆಯಲ್ಲಿ ತೋಟದ ಎಲ್ಲ ಗುಡಿಗಳಿಗಿಂತ ದೊಡ್ಡದಾದ ಗ್ರೀಕ್ ಮಾದರಿಯ ಗುಡಿ ಇತ್ತು. ಇಂಗ್ಲಿಷರು ಫ್ರೆಂಚರನ್ನು ಗೆದ್ದ ಏಳು ವರ್ಷಗಳ ಯುದ್ಧದ ನೆನಪಿಗೆ ಅದಕ್ಕೆ ವಿಜಯದ ಗುಡಿ ಎಂದು ಹೆಸರಿಟ್ಟಿದ್ದರು. ಪುದುಚೇರಿ, ವಂದವಾಸಿಗಳಲ್ಲಿ ನಮ್ಮ ನೆಲದಲ್ಲೂ ನಡೆದ ಯುದ್ಧ ಅದು. ಆ ಗುಡಿಯ ಎರಡೂ ಪಕ್ಕದ 16 ಕಂಬಗಳನ್ನು ಕಿತ್ತು ತಂದು ಪ್ರಾರ್ಥನಾಮಂದಿರಕ್ಕೆ ನಿಲ್ಲಿಸಿದರು. ಕಿತ್ತ ಜಾಗಕ್ಕೆ ಇಟ್ಟಿಗೆ ತುಂಬಿದರು. ಶಾಲೆಯನ್ನು ಬಯ್ಯಲು ನಮಗೆ ಬಾಯಿ ಬರುವುದಿಲ್ಲ. ಅದಿಲ್ಲದಿದ್ದರೆ ಕಂಬ ಕೀಳಲು ಗುಡಿಯೇ ಇರುತ್ತಿರಲಿಲ್ಲ. ಆದರೂ ಆ ಇಟ್ಟಿಗೆ ಗೋಡೆಯ ಹಳೇ ಫೋಟೊ ನೋಡಿದರೆ ಹಲ್ಲು ಬಿದ್ದ ಬಾಯಿ ನೋಡಿದಂತೆ.

ಸೋರುವ ಮಾಡು ರಿಪೇರಿ ಮಾಡುವುದು, ಪಾಠದ ಸಂಬಳ ಕೊಡುವುದು, ಎರಡನ್ನೂ ಒಂದೇ ಶಾಲೆಯ ಫೀಸಿನಲ್ಲಿ ಮಾಡುವುದು ಕಷ್ಟವಾಯಿತು. ಅದು ಶ್ರೀಮಂತರ ಮಕ್ಕಳ ಖಾಸಗಿ ಶಾಲೆ ಎಂಬುದನ್ನು ಮರೆಯಬೇಡಿ, ಅವರಿಗೂ ಕಷ್ಟವಾಯಿತು. 1989ರಲ್ಲಿ ತೋಟವನ್ನು ನ್ಯಾಷನಲ್ ಟ್ರಸ್ಟ್‌ಗೆ ಒಪ್ಪಿಸಿದರು. ಮನೆಯ ಜವಾಬ್ದಾರಿಗೆ 1997ರಲ್ಲಿ ಬೇರೆಯೇ ಒಂದು ಟ್ರಸ್ಟ್ ಮಾಡಿದರು. ಶಾಲೆ ಒಳಗಿರುತ್ತದೆ, ಗೋಡೆ ಗುಮ್ಮಟದ ರಿಪೇರಿಯನ್ನು ಟ್ರಸ್ಟ್ ನೋಡಿಕೊಳ್ಳುತ್ತದೆ, ಜನರಿಗೆ ಒಳಗೆ ಬಂದು ನೋಡಲು ಅವಕಾಶ ಇರುತ್ತದೆ. ಹುಡುಗಿಯರಿಗೆ ಎಲ್ಲ ತರಗತಿಯ ಬಾಗಿಲು ತೆರೆದದ್ದು 2005ರಲ್ಲಿ.

ವಿಜಯದ ಗುಡಿಗೆ 1990ರ ದಶಕದಲ್ಲಿ ಹೊಸದಾಗಿ 16 ಕಂಬ ಕಡೆಸಿ ನಿಲ್ಲಿಸಿದರು, ಹಳೆಯವು ಪ್ರಾರ್ಥನಾಮಂದಿರದಲ್ಲೇ ಉಳಿದವು. ಸಿಂಹಗಳದ್ದೂ ಹಾಗೆಯೇ, 2013ರಲ್ಲಿ ಅಚ್ಚು ತೆಗೆದು ಮಾಡಿದ ನಕಲುಗಳು ಮೆಟ್ಟಿಲಿಗೆ ಬಂದು ಕೂತವು. ಹಳ್ಳಿ ಮಾತ್ರ ವಾಪಸ್ ಬರಲಿಲ್ಲ. ಅದರ ಸೇಂಟ್ ಮೇರಿ ಚರ್ಚು ಮನೆಗೆ ಅಷ್ಟು ಹತ್ತಿರವಿದ್ದರೂ ಈಗಲೂ ಮರಗಳ ಮರೆಯಲ್ಲೇ ಇದೆ.